ಹೆಂಗಸರು ಹೆಂಗಸಿಗೆ ಮತ ಕೊಡರೇ?

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಮೂರು ತಾಲ್ಲೂಕುಗಳು. ಅಡಿಕೆ, ಕಾಫಿಗಳಿಗೆ ಹೆಸರಾದ ಈ ನೆಲಕ್ಕೆ ಚುನಾವಣೆಗಳ ಚರಿತ್ರೆಯಲ್ಲಿಯೂ ಒಂದು ವಿಶೇಷವುಂಟು. ಇಲ್ಲಿನ ಮತದಾರರು ಸೇರಿರುವ ಲೋಕಸಭಾ ಕ್ಷೇತ್ರದಿಂದ 1978ರಲ್ಲಿ ಇಂದಿರಾ ಗಾಂಧಿಯವರೂ, 1984 ಮತ್ತು 1991ರಲ್ಲಿ ಡಿ. ಕೆ. ತಾರಾದೇವಿಯವರೂ, ಕ್ಷೇತ್ರದ ಎಲ್ಲೆಗಳು ಬದಲಾದ ಮೇಲೆ 2014 ಮತ್ತು 2019ರಲ್ಲಿ ಶೋಭಾ ಕರಂದ್ಲಾಜೆಯವರೂ ಆಯ್ಕೆಯಾದರು. ಹೀಗಿದ್ದರೂ, ಸ್ತ್ರೀಯೊಬ್ಬಳು ದೊಡ್ಡ ಪದವಿಗೆ ಸ್ಪರ್ಧಿಸಿದಾಗಲೆಲ್ಲ, “ಹೆಂಗಸರೇ ಅವಳಿಗೆ ಮತ ಕೊಡುವುದಿಲ್ಲ, ಹೆಣ್ಣಿಗೆ ಹೆಣ್ಣೇ ಶತ್ರು” ಎಂಬ ಮಾತು ಇಲ್ಲಿಯೂ ಬೇರೆಡೆಯಲ್ಲಿಯೂ ಕೇಳಿಬರುವುದುಂಟು.

ಇದು ಬರಿಯ ಹರಟೆಯಾಗಿದ್ದರೆ ಬಿಟ್ಟುಬಿಡಬಹುದಾಗಿತ್ತು. ಆದರೆ ಸ್ತ್ರೀಯರಿಗೆ ಪಕ್ಷದ ಟಿಕೆಟ್ಟು ತಪ್ಪಿಸಲು ಇಂತಹ ಮಾತೇ ನೆಪವಾಗಬಲ್ಲುದು. 2023ರ ಚುನಾವಣೆಯಲ್ಲಿ ಕರ್ನಾಟಕ ವಿಧಾನಸಭೆಯ 224 ಸ್ಥಾನಗಳ ಪೈಕಿ ಸ್ತ್ರೀಯರು ಗೆದ್ದದ್ದು ಕೇವಲ 10. ಆದುದರಿಂದ ಈ ಮಾತಿಗೆ ಆಧಾರವೇನು, ಅದನ್ನು ಅಳೆದು ನೋಡುವ ಬಗೆ ಯಾವುದು ಎಂಬುದನ್ನು ವಿಜ್ಞಾನದ ರೀತಿಯಲ್ಲಿ ಪರಿಶೀಲಿಸುವುದು ಉಚಿತ.

ಮತಪೆಟ್ಟಿಗೆ ಹೇಳುವುದೆಷ್ಟು?

ನಮ್ಮ ದೇಶದಲ್ಲಿ ಮತದಾನ ಗುಪ್ತವಾದುದು. ಮತಗಟ್ಟೆಗೆ ಬಂದ ಸ್ತ್ರೀಯರೆಷ್ಟು, ಪುರುಷರೆಷ್ಟು ಎಂಬುದು ದಾಖಲಾಗುತ್ತದೆ. ಪ್ರತಿಯೊಬ್ಬ ಅಭ್ಯರ್ಥಿಗೆ ಬಿದ್ದ ಒಟ್ಟು ಮತಗಳೂ ದಾಖಲಾಗುತ್ತವೆ. ಆದರೆ ಆ ಮತಗಳಲ್ಲಿ ಸ್ತ್ರೀಯರವು ಎಷ್ಟೆಂಬುದು ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ಅನಿಲದ ಉಷ್ಣತೆಯು ಅದರ ಅಣುಗಳ ಸರಾಸರಿ ಚಲನಶಕ್ತಿಯನ್ನು ಸೂಚಿಸುತ್ತದೆಯೇ ಹೊರತು ಒಂದೊಂದು ಅಣುವಿನ ವೇಗವನ್ನು ಸೂಚಿಸುವುದಿಲ್ಲವಷ್ಟೆ? ಚುನಾವಣೆಯ ಫಲಿತಾಂಶವೂ ಅಂಥದೇ.

1978ರ ನವೆಂಬರಿನಲ್ಲಿ ನಡೆದ ಚಿಕ್ಕಮಗಳೂರಿನ ಉಪಚುನಾವಣೆಯನ್ನೇ ತೆಗೆದುಕೊಳ್ಳೋಣ. ಇಂದಿರಾ ಗಾಂಧಿಯವರಿಗೆ ಸುಮಾರು 2,49,000 ಮತಗಳೂ, ಅವರ ಮುಖ್ಯ ಪ್ರತಿಸ್ಪರ್ಧಿ ವೀರೇಂದ್ರ ಪಾಟೀಲರಿಗೆ ಸುಮಾರು 1,72,000 ಮತಗಳೂ ದೊರೆತವು. ಉಳಿದವರನ್ನು ಬಿಟ್ಟು ಈ ಇಬ್ಬರನ್ನೇ ಪರಿಗಣಿಸಿದರೆ ಒಟ್ಟು 4,21,000 ಮತಗಳು. ಲೆಕ್ಕದ ಅನುಕೂಲಕ್ಕಾಗಿ ಇವುಗಳಲ್ಲಿ ಅರ್ಧ, ಎಂದರೆ 2,10,500, ಸ್ತ್ರೀಯರ ಮತಗಳೆಂದು ಭಾವಿಸೋಣ. ಪಾಟೀಲರಿಗೆ ಬಿದ್ದ ಮತಗಳೆಲ್ಲವೂ ಸ್ತ್ರೀಯರವೇ ಆಗಿದ್ದರೂ, ಉಳಿದ 38,500 ಮಂದಿ ಸ್ತ್ರೀಯರು ಇಂದಿರಾ ಗಾಂಧಿಯವರಿಗೆ ಮತ ನೀಡಿರಲೇಬೇಕು. ಇದು ಕನಿಷ್ಠ ಮಿತಿ. ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 18. ಇನ್ನು ಗರಿಷ್ಠ ಮಿತಿಯೆಷ್ಟು? 2,10,500 ಮಂದಿಯೂ ಅವರಿಗೇ ಮತ ನೀಡಿರುವುದು ಅಸಾಧ್ಯವೇನಲ್ಲ. ಎಂದರೆ ನೂರಕ್ಕೆ ನೂರು. ಹದಿನೆಂಟರಿಂದ ನೂರರವರೆಗೆ ಯಾವ ಸಂಖ್ಯೆಯಾದರೂ ಈ ಫಲಿತಾಂಶಕ್ಕೆ ಹೊಂದಿಕೊಳ್ಳುತ್ತದೆ! ಇಷ್ಟು ಅಗಲವಾದ ಮಿತಿಗಳ ನಡುವೆ “ಹೆಂಗಸರು ವಿರೋಧಿಸಿದರು” ಎನ್ನುವುದಕ್ಕಾಗಲಿ, “ಹೆಂಗಸರೇ ಗೆಲ್ಲಿಸಿದರು” ಎನ್ನುವುದಕ್ಕಾಗಲಿ ಆಧಾರವಿಲ್ಲ.

ಮೋಸಗೊಳಿಸುವ ಸರಳರೇಖೆ

“ಒಂದೊಂದು ಮತಗಟ್ಟೆಯ ಅಂಕಿಗಳನ್ನೂ ಬೇರೆಬೇರೆಯಾಗಿ ನೋಡಿದರೆ ನಿಜ ಹೊರಬೀಳುವುದಿಲ್ಲವೇ?” ಎಂದು ಜಾಣ ವಿದ್ಯಾರ್ಥಿಯೊಬ್ಬನು ಕೇಳಬಹುದು. ಇದಕ್ಕಾಗಿ ಮೂರು ಮತಗಟ್ಟೆಗಳನ್ನು ಕಲ್ಪಿಸಿಕೊಳ್ಳೋಣ. ಒಂದೊಂದರಲ್ಲಿಯೂ ನೂರು ಮಂದಿ ಮತ ಹಾಕಿದ್ದಾರೆ. ಮೊದಲನೆಯದರಲ್ಲಿ ಸ್ತ್ರೀಯರು 40, ಸ್ತ್ರೀ ಅಭ್ಯರ್ಥಿಗೆ ಬಿದ್ದ ಮತ 60. ಎರಡನೆಯದರಲ್ಲಿ ಸ್ತ್ರೀಯರು 50, ಮತ 50. ಮೂರನೆಯದರಲ್ಲಿ ಸ್ತ್ರೀಯರು 60, ಮತ 40. ನಕ್ಷೆ ಬರೆದರೆ ಕೆಳಮುಖವಾದ ನೇರ ರೇಖೆ ಬರುತ್ತದೆ: ಸ್ತ್ರೀಯರು ಹೆಚ್ಚಿದಷ್ಟೂ ಮತ ಕಡಿಮೆ. ಸ್ತ್ರೀಯರೇ ವಿರೋಧಿಗಳೆಂಬುದು ಸಿದ್ಧವಾದಂತೆಯೇ ಕಾಣುತ್ತದೆ.

ಆದರೆ ಒಳಗಿನ ಸಂಗತಿ ಹೀಗಿರಬಹುದು. ಮೊದಲನೆಯ ಮತಗಟ್ಟೆಯಲ್ಲಿ 40 ಸ್ತ್ರೀಯರಲ್ಲಿ 28 ಮಂದಿಯೂ 60 ಪುರುಷರಲ್ಲಿ 32 ಮಂದಿಯೂ ಆಕೆಗೆ ಮತ ಕೊಟ್ಟರು. ಎರಡನೆಯದರಲ್ಲಿ 50 ಸ್ತ್ರೀಯರಲ್ಲಿ 30, 50 ಪುರುಷರಲ್ಲಿ 20. ಮೂರನೆಯದರಲ್ಲಿ 60 ಸ್ತ್ರೀಯರಲ್ಲಿ 30, 40 ಪುರುಷರಲ್ಲಿ 10. ಕೂಡಿಸಿ ನೋಡಿ: ಮೊತ್ತಗಳು ಅವೇ. ಆದರೆ ಮೂರು ಕಡೆಯಲ್ಲಿಯೂ ಸ್ತ್ರೀಯರ ಬೆಂಬಲವೇ ಪುರುಷರದಕ್ಕಿಂತ ಹೆಚ್ಚು! ಹಾಗಾದರೆ ರೇಖೆ ಕೆಳಕ್ಕೆ ಇಳಿದದ್ದೇಕೆ? ಮೂರನೆಯ ಊರಿನ ಗಂಡಸರನೇಕರು ದುಡಿಮೆಗಾಗಿ ಪಟ್ಟಣ ಸೇರಿದ್ದು, ಆ ಊರಿನಲ್ಲಿ ಅಭ್ಯರ್ಥಿಯ ಪಕ್ಷವೂ ದುರ್ಬಲವಾಗಿದ್ದರೆ ಸಾಕು. ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವಾಗದು.

ಈ ಬಗೆಯ ತಪ್ಪನ್ನು 1950ರಲ್ಲಿ ಡಬ್ಲ್ಯು. ಎಸ್. ರಾಬಿನ್ಸನ್ ಎಂಬ ಸಮಾಜವಿಜ್ಞಾನಿ ಸ್ಪಷ್ಟವಾಗಿ ತೋರಿಸಿಕೊಟ್ಟರು. ಅಮೆರಿಕದ 1930ರ ಜನಗಣತಿಯಲ್ಲಿ, ಪರದೇಶದಲ್ಲಿ ಹುಟ್ಟಿದವರು ಹೆಚ್ಚಾಗಿದ್ದ ಸಂಸ್ಥಾನಗಳಲ್ಲಿ ನಿರಕ್ಷರತೆ ಕಡಿಮೆಯಿತ್ತು. ಆದರೆ ವ್ಯಕ್ತಿಗಳನ್ನು ಲೆಕ್ಕಹಾಕಿದರೆ, ಪರದೇಶದಲ್ಲಿ ಹುಟ್ಟಿದವರಲ್ಲಿಯೇ ನಿರಕ್ಷರತೆ ತುಸು ಹೆಚ್ಚಾಗಿತ್ತು. ಸಮೂಹದ ಅಂಕಿಗಳು ವ್ಯಕ್ತಿಗಳ ವಿಷಯದಲ್ಲಿ ತಲೆಕೆಳಗಾದ ಉತ್ತರವನ್ನೇ ಕೊಟ್ಟುವು.

ನಿಜವಾಗಿ ಅಳೆದಾಗ

ಅಪರೂಪಕ್ಕೆ ಈ ಅಳತೆ ನೇರವಾಗಿಯೇ ಸಾಧ್ಯವಾಗಿದೆ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ 2012ರ ಸುಧಾರಣೆಯವರೆಗೆ ಸ್ತ್ರೀಯರಿಗೂ ಪುರುಷರಿಗೂ ಬೇರೆಬೇರೆ ಮತಗಟ್ಟೆಗಳಿದ್ದುವು. ಮತಗಳ ಎಣಿಕೆಯೂ ಬೇರೆಯಾಗಿಯೇ ನಡೆಯುತ್ತಿತ್ತು. 2006ರ ಜನವರಿಯಲ್ಲಿ ಮಿಶೆಲ್ ಬಾಶೆಲೆ ಎಂಬ ಮಹಿಳೆ ಆ ದೇಶದ ಅಧ್ಯಕ್ಷ ಪದವಿಗೆ ಆಯ್ಕೆಯಾದಾಗ, ಸ್ತ್ರೀಯರ ಮತಗಳಲ್ಲಿಯೂ ಪುರುಷರ ಮತಗಳಲ್ಲಿಯೂ ಅವರಿಗೆ ದೊರೆತದ್ದು ನೂರಕ್ಕೆ 53ಕ್ಕೆ ತುಸು ಮೇಲೆ. ವ್ಯತ್ಯಾಸ ಇಲ್ಲವೆನ್ನುವಷ್ಟು ಅಲ್ಪ.

ಇನ್ನೊಂದು ತೊಡಕು ಉಳಿಯಿತು. ಒಬ್ಬಾಕೆ ಸ್ತ್ರೀ ಅಭ್ಯರ್ಥಿಗೆ ವಿರೋಧವಾಗಿ ಮತ ಹಾಕಿದಳೆಂದೇ ತಿಳಿದರೂ, ಅದು ಅಭ್ಯರ್ಥಿ ಹೆಣ್ಣೆಂಬ ಕಾರಣಕ್ಕೇ ಎಂದು ಹೇಳಬಹುದೇ? 1978ರಲ್ಲಿ ಮತದಾರರ ಮುಂದೆ 1975ರಿಂದ 77ರವರೆಗಿನ ತುರ್ತು ಪರಿಸ್ಥಿತಿಯ ನೆನಪಿತ್ತು, ಪಕ್ಷಗಳ ಜಗಳವಿತ್ತು. ಉಳಿದ ಕಾರಣಗಳನ್ನೆಲ್ಲ ಸ್ಥಿರವಾಗಿರಿಸಿ ಒಂದನ್ನು ಮಾತ್ರ ಬದಲಾಯಿಸುವುದು ಪ್ರಯೋಗಶಾಲೆಯ ನಿಯಮ. ಲೋರಿ ಬೀಮನ್, ಎಸ್ತರ್ ಡುಫ್ಲೊ ಮೊದಲಾದವರು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಹಾಗೆಯೇ ಮಾಡಿದರು. ಒಂದೇ ಭಾಷಣವನ್ನು ಕೆಲವರಿಗೆ ಗಂಡುದನಿಯಲ್ಲಿಯೂ ಕೆಲವರಿಗೆ ಹೆಣ್ಣುದನಿಯಲ್ಲಿಯೂ ಕೇಳಿಸಿ, ನಾಯಕರ ಸಾಮರ್ಥ್ಯವನ್ನು ಕುರಿತು ಅಭಿಪ್ರಾಯ ಪಡೆದರು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೆಣ್ಣು ನಾಯಕರ ವಿಷಯದಲ್ಲಿ ಪೂರ್ವಗ್ರಹ ಪುರುಷರಿಗಿಂತ ಸ್ತ್ರೀಯರಲ್ಲಿಯೇ ಕಡಿಮೆ. ಮೀಸಲಾತಿಯಿಂದ ಹೆಂಗಸು ಪಂಚಾಯಿತಿಯ ಮುಖ್ಯಸ್ಥೆಯಾಗಿದ್ದ ಹಳ್ಳಿಗಳಲ್ಲಿ, ಗಂಡು ನಾಯಕನೇ ಇರಲೆಂಬ ಒಲವು ಅಳಿಯದಿದ್ದರೂ, ಆಕೆಯ ಸಾಮರ್ಥ್ಯದ ಬಗೆಗೆ ಪುರುಷರಲ್ಲಿದ್ದ ಕೀಳು ಅಭಿಪ್ರಾಯ ಅಳಿದಿತ್ತು.

ಇಷ್ಟರಿಂದ ಯಾವ ಊರಿನಲ್ಲಿಯೂ ಸ್ತ್ರೀಯರು ಸ್ತ್ರೀಯನ್ನು ವಿರೋಧಿಸಿಲ್ಲವೆಂದು ತೀರ್ಮಾನಿಸಬಾರದು. ವಿರೋಧಿಸುವ ಹಕ್ಕು ಅವರಿಗೂ ಉಂಟು. ಆದರೆ ಲೆಕ್ಕವಿಲ್ಲದೆ ಹೊರಿಸುವ ಮಾತು ಲೆಕ್ಕವಲ್ಲ. ವಿದ್ಯಾರ್ಥಿಗಳು ತಮ್ಮೂರಿನ ಮತಗಟ್ಟೆಯ ಅಂಕಿಗಳನ್ನು ಸಂಪಾದಿಸಿ, ಮೇಲೆ ತೋರಿಸಿದಂತೆ ಕನಿಷ್ಠ ಮತ್ತು ಗರಿಷ್ಠ ಮಿತಿಗಳನ್ನು ತಾವೇ ಕಂಡುಹಿಡಿಯಲಿ. ಮುಂದಿನ ಚುನಾವಣೆಯ ಮರುದಿನ “ಹೆಂಗಸರೇ ಸೋಲಿಸಿದರು” ಎಂದು ಯಾರಾದರೂ ಹೇಳಿದರೆ, “ಹೇಗೆ ಅಳೆದಿರಿ?” ಎಂದು ವಿನಯದಿಂದ ಕೇಳಬಹುದು.