ಬೆಳಗಿನ ಮೊದಲ ಗೇರ್ ಯಾಕೆ 'ಠಕ್' ಅನ್ನುತ್ತೆ? ಬೈಕ್ ಆಯಿಲ್ ಮತ್ತು ಕ್ಲಚ್‌ನ ವಿಜ್ಞಾನ

ಕತಾರ್‌ನ ದೋಹಾದಲ್ಲಿ ಜನವರಿ ತಿಂಗಳ ಒಂದು ಬೆಳಗ್ಗೆ ಅಂದುಕೊಳ್ಳಿ. ಹೊರಗೆ 13, 14 ಡಿಗ್ರಿ. ಬೈಕ್ ಸ್ಟಾರ್ಟ್ ಮಾಡಿ, ಕ್ಲಚ್ ಹಿಡಿದು ಮೊದಲ ಗೇರ್ ಒತ್ತಿದ್ರೆ 'ಠಕ್' ಅಂತ ಸದ್ದು. ಕ್ಲಚ್ ಪೂರ್ತಿ ಹಿಡಿದಿದ್ರೂ ಬೈಕ್ ಒಂದು ಗೇಣು ಮುಂದಕ್ಕೆ ಜಿಗಿಯುತ್ತೆ. ಮೊದಲ ಸಿಗ್ನಲ್‌ನಲ್ಲಿ ನ್ಯೂಟ್ರಲ್ ಹುಡುಕಿದ್ರೆ ಸಿಗೋದೇ ಇಲ್ಲ. ಹತ್ತು ನಿಮಿಷ ಓಡಿಸಿದ ಮೇಲೆ ಎಲ್ಲಾ ಬೆಣ್ಣೆ ಥರ. ಇನ್ನು ಜುಲೈ ತಿಂಗಳ 42 ಡಿಗ್ರಿ ಬಿಸಿಲಲ್ಲಿ ಕೆಲವರ ದೂರು ಬೇರೆಯೇ ಇರುತ್ತೆ: ಆಕ್ಸಿಲರೇಟರ್ ತಿರುಗಿಸಿದ್ರೆ ಎಂಜಿನ್ ಕೂಗುತ್ತೆ, ಆದ್ರೆ ಬೈಕ್ ಎಳೆಯಲ್ಲ.

ಈ ಎರಡೂ ದೂರುಗಳಲ್ಲಿ ಮೊದಲು ವಿಚಾರಿಸಬೇಕಾದದ್ದು ಆಯಿಲ್. ಜೀವಶಾಸ್ತ್ರ ಓದಿದ ನಾವು ಬೈಕ್ ಆಯಿಲ್ ಬಗ್ಗೆ ಯಾಕೆ ಮಾತಾಡ್ತಿದ್ದೀವಿ ಅಂತ ನಿಮಗೆ ಅನ್ನಿಸಬಹುದು. ಎಣ್ಣೆಯ ಅಣುಗಳು ಚಳಿಯಲ್ಲಿ ಹೇಗೆ ವರ್ತಿಸುತ್ತವೆ ಅನ್ನೋದು ನಮ್ಮ ದೇಹದ ಪ್ರತಿ ಜೀವಕೋಶಕ್ಕೂ ಸಂಬಂಧಪಟ್ಟ ವಿಷಯ. ಅದಕ್ಕೆ ಆಮೇಲೆ ಬರೋಣ. ಮೊದಲು ಕ್ಲಚ್ ಏನು ಮಾಡುತ್ತೆ ನೋಡೋಣ.

ಎಂಜಿನ್ ತಿರುಗ್ತಾನೇ ಇರುತ್ತೆ. ಆ ತಿರುಗುವಿಕೆಯನ್ನು ಗೇರ್‌ಬಾಕ್ಸ್‌ಗೆ ಬೇಕಾದಾಗ ಜೋಡಿಸೋದು, ಬೇಡವಾದಾಗ ಬಿಡಿಸೋದು ಕ್ಲಚ್‌ನ ಕೆಲಸ. ಬೈಕಿನ ಕ್ಲಚ್‌ನಲ್ಲಿ ದೋಸೆಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ ಹಲವು ತಟ್ಟೆಗಳಿರುತ್ತವೆ. ಒಂದು ಬರೀ ಉಕ್ಕಿನದು, ಇನ್ನೊಂದು ಘರ್ಷಣೆ ಕೊಡುವ ಪದರ ಅಂಟಿಸಿದ್ದು, ಹೀಗೆ ಸರದಿಯಲ್ಲಿ. ಸ್ಪ್ರಿಂಗ್‌ಗಳು ಎಲ್ಲವನ್ನೂ ಒತ್ತಿ ಹಿಡಿದಾಗ ತಟ್ಟೆಗಳು ಒಟ್ಟಿಗೆ ತಿರುಗುತ್ತವೆ. ಲಿವರ್ ಹಿಡಿದಾಗ ನಡುವೆ ಕೂದಲೆಳೆಯಷ್ಟು ಜಾಗ ಬಿಡುತ್ತೆ.

ಹೆಚ್ಚಿನ ಬೈಕುಗಳಲ್ಲಿ ಈ ತಟ್ಟೆಗಳು ಇರೋದು ಆಯಿಲ್‌ನ ಒಳಗೆ. ಮೈಸೂರಿನಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿದ ಜಾವಾ, ಯೆಜ್ಡಿ ಬೈಕುಗಳನ್ನು ನೆನಪಿಸಿಕೊಳ್ಳಿ. ಅವು ಟೂ ಸ್ಟ್ರೋಕ್. ಎಂಜಿನ್‌ಗೆ ಬೇಕಾದ ಆಯಿಲ್ ಪೆಟ್ರೋಲ್ ಜೊತೆ ಬೆರೆತು ಸುಟ್ಟುಹೋಗ್ತಿತ್ತು. ಗೇರ್ ಮತ್ತು ಕ್ಲಚ್‌ಗೆ ಪ್ರತ್ಯೇಕ ಆಯಿಲ್. ಕ್ಲಚ್ ತಟ್ಟೆಗಳಲ್ಲಿ ಬೆಂಡಿನ, ಅಂದ್ರೆ ಕಾರ್ಕ್‌ನ ತುಂಡುಗಳಿರ್ತಿದ್ವು. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ನೋಡಿ 'ಸೆಲ್' ಅಂತ ಹೆಸರಿಟ್ಟದ್ದು ಇದೇ ಬೆಂಡಿನೊಳಗಿನ ಪುಟ್ಟ ಕೋಣೆಗಳಿಗೆ. ಇವತ್ತು ಬೆಂಡಿನ ಜಾಗಕ್ಕೆ ಬಹುತೇಕ ಕಾಗದದಂಥ ನಾರಿನ ಪದರ ಬಂದಿದೆ. ಅದರಲ್ಲೂ ಸಸ್ಯಗಳ ಸೆಲ್ಯುಲೋಸ್ ನಾರು ಇರುತ್ತೆ. ಅದರ ಸಣ್ಣ ರಂಧ್ರಗಳು ಆಯಿಲ್ ಹೀರಿಕೊಂಡು, ಒತ್ತಿದಾಗ ಹೊರಬಿಟ್ಟು ಶಾಖವನ್ನು ಸಾಗಿಸುತ್ತವೆ.

ಇವತ್ತಿನ ಫೋರ್ ಸ್ಟ್ರೋಕ್ ಬೈಕುಗಳಲ್ಲಿ ಪರಿಸ್ಥಿತಿ ಇನ್ನೂ ಇಕ್ಕಟ್ಟು. ಬಹುತೇಕ ಬೈಕುಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಎಂಜಿನ್‌ಗೆ ಬೇಕಾದದ್ದು ಜಾರುವಿಕೆ. ಕ್ಲಚ್‌ಗೆ ಬೇಕಾದದ್ದು ಹಿಡಿತ. ಎರಡನ್ನೂ ಒಂದೇ ದ್ರವ ಕೊಡಬೇಕು. ಹಾಗಾಗಿ ಆಯಿಲ್ ಆರಿಸುವಾಗ ನಾವು ಎರಡು ಬೇರೆ ಬೇರೆ ಪ್ರಶ್ನೆ ಕೇಳಬೇಕು. ಒಂದು, ಇದು ಎಷ್ಟು ದಪ್ಪ? ಎರಡು, ಇದು ಎಷ್ಟು ಜಾರುತ್ತೆ? ಹೆಚ್ಚಿನ ಗೊಂದಲ ಹುಟ್ಟೋದು ಇವೆರಡನ್ನೂ ಒಂದೇ ಅಂದುಕೊಳ್ಳೋದರಿಂದ.

ಮೊದಲು ದಪ್ಪದ ವಿಷಯ. ವಿಜ್ಞಾನದಲ್ಲಿ ಇದಕ್ಕೆ ಸ್ನಿಗ್ಧತೆ ಅಂತೀವಿ. ಡಬ್ಬದ ಮೇಲೆ 10ಡಬ್ಲ್ಯು-30, 20ಡಬ್ಲ್ಯು-50 ಅಂತ ಇರುತ್ತಲ್ಲ, ಅದೇ. ಡಬ್ಲ್ಯು ಅಂದ್ರೆ ವಿಂಟರ್, ಚಳಿಗಾಲ. ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತೆ ಅಂತ ಹೇಳುತ್ತೆ, ಎರಡನೆಯದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತೆ ಅಂತ. ಮಾರುಕಟ್ಟೆಯ ಸಾಮಾನ್ಯ ಆಯಿಲ್‌ಗಳನ್ನು ತಗೊಂಡು ಲೆಕ್ಕ ಹಾಕಿದ್ರೆ, 100 ಡಿಗ್ರಿಯಲ್ಲಿ 20ಡಬ್ಲ್ಯು-50 ಆಯಿಲ್ 10ಡಬ್ಲ್ಯು-30ಕ್ಕಿಂತ ಎರಡು ಪಟ್ಟೂ ದಪ್ಪ ಇರಲ್ಲ. ಆದ್ರೆ 15 ಡಿಗ್ರಿಯಲ್ಲಿ ಸುಮಾರು ಮೂರು ಪಟ್ಟು ದಪ್ಪ.

ಈಗ ಬೆಳಗಿನ 'ಠಕ್' ಅರ್ಥ ಆಗುತ್ತೆ. ನೀವು ಲಿವರ್ ಹಿಡಿದಾಗ ತಟ್ಟೆಗಳು ಬೇರೆಯಾದವು, ಸರಿ. ಆದ್ರೆ ನಡುವಿನ ಕಿರಿದಾದ ಜಾಗದಲ್ಲಿ ತಣ್ಣಗಿನ ಆಯಿಲ್ ಜೋನಿಬೆಲ್ಲದ ಥರ ಕೂತಿದೆ. ಎಂಜಿನ್ ಕಡೆಯ ತಟ್ಟೆ ತಿರುಗುವಾಗ ಆ ಆಯಿಲ್ ಪದರ ಪಕ್ಕದ ತಟ್ಟೆಯನ್ನೂ ಎಳ್ಕೊಂಡು ಹೋಗುತ್ತೆ. ಇದನ್ನ ಕ್ಲಚ್ ಡ್ರ್ಯಾಗ್ ಅಂತಾರೆ. ಅಂದ್ರೆ ಗೇರ್‌ಬಾಕ್ಸ್‌ನ ಶಾಫ್ಟ್ ನಿಂತಿಲ್ಲ, ಇನ್ನೂ ತಿರುಗ್ತಿದೆ. ತಿರುಗ್ತಿರೋ ಗೇರ್‌ನ ಹಲ್ಲು ನಿಂತಿರೋ ಗೇರ್‌ಗೆ ಹೋಗಿ ಕಚ್ಚಿಕೊಂಡಾಗ ಬರುವ ಸದ್ದೇ ಆ 'ಠಕ್'. ನ್ಯೂಟ್ರಲ್ ಸಿಗದಿರೋದಕ್ಕೂ ಇದೇ ಎಳೆತ ಕಾರಣ.

"ನಮ್ಮದು ಬಿಸಿ ದೇಶ, ದಪ್ಪ ಆಯಿಲ್ ಹಾಕಿ" ಅನ್ನೋ ಮಾತು ಕೊಲ್ಲಿಯಲ್ಲೂ ಇದೆ, ನಮ್ಮೂರಲ್ಲೂ ಇದೆ. ಆದ್ರೆ ಜನವರಿಯಲ್ಲಿ ದೋಹಾದ ಸರಾಸರಿ ಕನಿಷ್ಠ ಉಷ್ಣಾಂಶ ಬೆಂಗಳೂರಿಗಿಂತ ಎರಡು ಡಿಗ್ರಿಯಷ್ಟು ಕಡಿಮೆ. ನಿಮ್ಮ ಬೈಕಿನ ಕೈಪಿಡಿ 10ಡಬ್ಲ್ಯು-30 ಹೇಳ್ತಿದ್ರೆ, ಬೇಸಿಗೆಯ ಭಯಕ್ಕೆ 20ಡಬ್ಲ್ಯು-50 ಹಾಕಿದವರು ಚಳಿಗಾಲದ ಬೆಳಗ್ಗೆಗಳಲ್ಲಿ ಅದಕ್ಕೆ ಬೆಲೆ ಕೊಡ್ತಾರೆ.

ಚಳಿಯಲ್ಲಿ ಎಣ್ಣೆ ಯಾಕೆ ದಪ್ಪ ಆಗುತ್ತೆ? ಅಣುಗಳ ಚಲನೆ ನಿಧಾನವಾಗುತ್ತೆ, ಒಂದನ್ನೊಂದು ದಾಟಿ ಜಾರೋದು ಕಷ್ಟ ಆಗುತ್ತೆ. ಇನ್ನೂ ತಣ್ಣಗಾದ್ರೆ ನೇರವಾದ ಅಣುಗಳು ಸೌದೆ ಜೋಡಿಸಿದ ಹಾಗೆ ಸಾಲಾಗಿ ಕೂತು ಗಟ್ಟಿಯಾಗುತ್ತವೆ. ಮಂಗಳೂರಿನಿಂದ ತಂದ ಕೊಬ್ಬರಿ ಎಣ್ಣೆ ದೋಹಾದ ಎಸಿ ಕೋಣೆಯಲ್ಲಿ ಬಿಳಿಯಾಗಿ ಹೆಪ್ಪುಗಟ್ಟೋದನ್ನ ನೋಡಿರ್ತೀರಿ. ಅದು ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತೆ. ಅದರ ಕೊಬ್ಬಿನಾಮ್ಲಗಳ ಸರಪಳಿಗಳು ಬಹುಪಾಲು ನೇರ, ಹಾಗಾಗಿ ಸುಲಭವಾಗಿ ಸಾಲುಗಟ್ಟುತ್ತವೆ. ಕಡಲೆಕಾಯಿ ಎಣ್ಣೆಯ ಸರಪಳಿಗಳಲ್ಲಿ ಬಾಗು ಹೆಚ್ಚು, ಅದು ಅಲ್ಲೇ ಪಕ್ಕದಲ್ಲಿ ದ್ರವವಾಗೇ ಇರುತ್ತೆ.

ಜೀವಕೋಶಗಳು ಈ ಗುಟ್ಟನ್ನು ತುಂಬ ಹಿಂದೆಯೇ ಬಳಸಿಕೊಂಡಿವೆ. ಪ್ರತಿ ಕೋಶದ ಸುತ್ತ ಕೊಬ್ಬಿನ ಅಣುಗಳ ತೆಳು ಪೊರೆ ಇದೆ. ಅದು ಗಟ್ಟಿಯಾದ್ರೆ ಕೋಶ ಬದುಕಲ್ಲ. ಹಾಗಾಗಿ ಚಳಿ ಹೆಚ್ಚಾದಾಗ ಬ್ಯಾಕ್ಟೀರಿಯಾಗಳು, ತಣ್ಣೀರಿನ ಮೀನುಗಳು ಬಾಗಿರುವ ಅಣುಗಳನ್ನು ಪೊರೆಯಲ್ಲಿ ಹೆಚ್ಚಿಸಿಕೊಂಡು ಅದನ್ನು ಸಡಿಲವಾಗಿ ಇಟ್ಟುಕೊಳ್ಳುತ್ತವೆ. ಒಂದು ಥರದಲ್ಲಿ, ಋತು ಬದಲಾದಾಗ ತಾವೇ ಆಯಿಲ್ ಬದಲಾಯಿಸಿಕೊಳ್ಳುತ್ತವೆ!

ಇದನ್ನೇ ಹೋಲುವ ಕೆಲಸವನ್ನು ಕೈಗಾರಿಕೆ ದೊಡ್ಡ ಪ್ರಮಾಣದಲ್ಲಿ ಮಾಡ್ತಿರೋ ಜಾಗ ಕತಾರ್‌ನಲ್ಲೇ ಇದೆ. ದೋಹಾದ ಉತ್ತರಕ್ಕೆ ರಾಸ್ ಲಫಾನ್‌ನಲ್ಲಿರುವ ಪರ್ಲ್ ಜಿಟಿಎಲ್ ಸ್ಥಾವರ, ಶೆಲ್ ಕಂಪನಿ ಮತ್ತು ಕತಾರ್‌ನ ಸರ್ಕಾರಿ ತೈಲ ಕಂಪನಿ ಸೇರಿ ಕಟ್ಟಿದ್ದು, 2011ರಲ್ಲಿ ಉತ್ಪಾದನೆ ಶುರು ಮಾಡ್ತು. ಅಲ್ಲಿ ಎಣ್ಣೆ ತಯಾರಾಗೋದು ಕಚ್ಚಾ ತೈಲದಿಂದ ಅಲ್ಲ, ಸಮುದ್ರದಡಿಯ ನೈಸರ್ಗಿಕ ಅನಿಲದಿಂದ. ಜರ್ಮನಿಯಲ್ಲಿ 1920ರ ದಶಕದಲ್ಲಿ ಫಿಶರ್ ಮತ್ತು ಟ್ರೋಪ್ಶ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ರೂಪಿಸಿದ ವಿಧಾನದಿಂದ ಅನಿಲವನ್ನು ಉದ್ದ, ನೇರ ಸರಪಳಿಗಳ ಮೇಣವಾಗಿಸ್ತಾರೆ. ನೇರ ಸರಪಳಿಗೆ ಒಂದು ಒಳ್ಳೆ ಗುಣ ಇದೆ: ಉಷ್ಣಾಂಶ ಬದಲಾದ್ರೂ ಅದರ ದಪ್ಪ ಅಷ್ಟಾಗಿ ಬದಲಾಗಲ್ಲ. ಆದ್ರೆ ಅದು ಬೇಗ ಗಟ್ಟಿಯಾಗುತ್ತೆ. ಹಾಗಾಗಿ ಸರಪಳಿಗಳನ್ನು ಅಲ್ಲಲ್ಲಿ ಕತ್ತರಿಸಿ, ಸಣ್ಣ ಸಣ್ಣ ಕವಲು ಮೂಡಿಸ್ತಾರೆ. ಕವಲಿರೋ ಅಣು ಸಾಲುಗಟ್ಟಲಾರದು, ಒಳ್ಳೆ ಗುಣವೂ ಬಹುಪಾಲು ಉಳಿಯುತ್ತೆ. ಈ ಸ್ಥಾವರಕ್ಕೆ ದಿನಕ್ಕೆ ಸುಮಾರು 30,000 ಬ್ಯಾರೆಲ್ ಮೂಲ ಎಣ್ಣೆ ತಯಾರಿಸುವ ಸಾಮರ್ಥ್ಯ ಇದೆ. ಇಂಥ ಮೂಲ ಎಣ್ಣೆಯಿಂದ ಮಾಡಿದ ಸಿಂಥೆಟಿಕ್ ಆಯಿಲ್‌ನಲ್ಲಿ ಚಳಿಯ ಬೆಳಗಿನ ಎಳೆತ ಸಾಮಾನ್ಯವಾಗಿ ಕಡಿಮೆ.

ಇಲ್ಲೇ ಎರಡನೇ ಪ್ರಶ್ನೆ ಬರುತ್ತೆ. "ಸಿಂಥೆಟಿಕ್ ಹಾಕಿದ್ರೆ ಕ್ಲಚ್ ಜಾರುತ್ತೆ" ಅಂತ ಹೇಳೋರಿದ್ದಾರೆ. ಕ್ಲಚ್ ಜಾರಿಸೋದು ಮೂಲ ಎಣ್ಣೆ ಅಲ್ಲ, ಅದಕ್ಕೆ ಸೇರಿಸುವ ಕೆಲವು ರಾಸಾಯನಿಕಗಳು. ಇವನ್ನ ಘರ್ಷಣೆ ತಗ್ಗಿಸುವ ಸೇರ್ಪಡೆಗಳು ಅನ್ನೋಣ. ಹಲವು ಸೇರ್ಪಡೆಗಳ ರಚನೆ ಜೀವಕೋಶದ ಪೊರೆಯ ಅಣುವಿನ ಥರವೇ: ಒಂದು ತಲೆ, ಒಂದು ಕೊಬ್ಬಿನ ಬಾಲ. ತಲೆ ಲೋಹಕ್ಕೆ ಅಂಟಿಕೊಳ್ಳುತ್ತೆ, ಬಾಲಗಳು ಹೊರಗೆ ಚಾಚಿ ಮೆತ್ತನೆ ಹುಲ್ಲುಹಾಸಿನ ಹಾಗೆ ನಿಲ್ಲುತ್ತವೆ. ಕಾರಿನ ಎಂಜಿನ್‌ಗೆ ಇದು ವರ, ಪೆಟ್ರೋಲ್ ಉಳಿಯುತ್ತೆ. ಕಾರಿನ ಕ್ಲಚ್ ಎಂಜಿನ್ ಆಯಿಲ್‌ನಲ್ಲಿ ಇರಲ್ವಲ್ಲ. ಬೈಕಿನ ಕ್ಲಚ್ ತಟ್ಟೆಗೆ ಅದೇ ಹುಲ್ಲುಹಾಸು ಶಾಪ.

ಕಾರಿನ ಆಯಿಲ್‌ಗಳಲ್ಲಿ ಇಂಥ ಸೇರ್ಪಡೆಗಳು ಹೆಚ್ಚಿದ ಮೇಲೆ, 1998ರಲ್ಲಿ ಜಪಾನಿನ ವಾಹನ ಮಾನದಂಡ ಸಂಸ್ಥೆ ಜಾಸೊ ಬೈಕ್ ಆಯಿಲ್‌ಗೆ ಪ್ರತ್ಯೇಕ ಮಾನದಂಡ ತಂತು. ಕ್ಲಚ್ ತಟ್ಟೆಗಳನ್ನು ಆ ಆಯಿಲ್‌ನಲ್ಲಿ ಮುಳುಗಿಸಿ ಯಂತ್ರದಲ್ಲಿ ಹಿಡಿತ ಅಳೀತಾರೆ. ಹಿಡಿತ ಹೆಚ್ಚಿದ್ರೆ ಎಂಎ, ಕಡಿಮೆ ಇದ್ರೆ ಎಂಬಿ. 2006ರಲ್ಲಿ ಎಂಎ ದರ್ಜೆಯನ್ನು ಎಂಎ1, ಎಂಎ2 ಅಂತ ವಿಂಗಡಿಸಿದ್ರು. ಎಂಎ2ರಲ್ಲಿ ಹಿಡಿತ ಅತಿ ಹೆಚ್ಚು. ಎಂಬಿ ಇರೋದು ಮುಖ್ಯವಾಗಿ ಗೇರ್ ಇಲ್ಲದ ಸ್ಕೂಟರ್‌ಗಳಿಗೆ, ಅವುಗಳ ಕ್ಲಚ್ ಆಯಿಲ್‌ನಲ್ಲಿ ಮುಳುಗಿರಲ್ಲ. ಗಮನಿಸಿ: 10ಡಬ್ಲ್ಯು-30 ಎಂಎ ಇದೆ, 10ಡಬ್ಲ್ಯು-30 ಎಂಬಿ ಕೂಡ ಇದೆ. ದಪ್ಪ ಒಂದೇ, ಹಿಡಿತ ಬೇರೆ. ಅಂಕಿ ಮಾತ್ರ ನೋಡಿ ಕೊಂಡ್ರೆ ಎಡವೋದು ಇಲ್ಲೇ.

ಇದರಲ್ಲಿ ಪಣಕ್ಕಿರೋದು ಬರೀ ಸದ್ದಲ್ಲ. ದೋಹಾದಲ್ಲಿ ಬೈಕ್ ಮೇಲೆ ಊಟ ತಲುಪಿಸೋರಿಗೆ ಕ್ಲಚ್ ಸುಟ್ಟರೆ ಆ ದಿನದ ದುಡಿಮೆ ಹೋಯ್ತು. 2022ರ ಬೇಸಿಗೆಯಲ್ಲಿ ಅಲ್ಲಿನ ಸರ್ಕಾರ ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಬೈಕ್ ಡೆಲಿವರಿ ನಿಲ್ಲಿಸ್ತು. ಜನರ ಜೀವಕ್ಕೆ ಅದು ಒಳ್ಳೇದೇ. ಆದ್ರೆ ಜುಲೈಯಲ್ಲಿ ರಾತ್ರಿಯೂ 30 ಡಿಗ್ರಿ ದಾಟಿರುತ್ತೆ. ಟ್ರಾಫಿಕ್‌ನಲ್ಲಿ ನಿಮಿಷಕ್ಕೆ ನಾಲ್ಕು ಸಲ ಕ್ಲಚ್ ಹಿಡಿದು ಬಿಡುವಾಗ ತಟ್ಟೆಗಳು ಬಿಸಿಯಾಗುತ್ತವೆ. ಅಗ್ಗಕ್ಕೆ ಸಿಕ್ಕ, ಇಂಧನ ಉಳಿಸುವ ಕಾರಿನ ಆಯಿಲ್ ಒಳಗಿದ್ರೆ ಜಾರಾಟ ಶುರು. ಜಾರಿದ್ರೆ ಶಾಖ, ಶಾಖದಿಂದ ನಾರಿನ ಪದರ ಕರಕಲು, ಆಮೇಲೆ ಇನ್ನಷ್ಟು ಜಾರಾಟ.

ಆಯಿಲ್ ಹಳೆಯದಾಗೋದರ ಬಗ್ಗೆಯೂ ಒಂದು ಮಾತು. ಬಿಸಿಯಲ್ಲಿ ದಪ್ಪ ಉಳಿಸಿಕೊಳ್ಳಲು ಆಯಿಲ್‌ಗೆ ಉದ್ದನೆಯ ಪಾಲಿಮರ್ ಅಣುಗಳನ್ನು ಸೇರಿಸಿರ್ತಾರೆ. ಗೇರ್‌ನ ಹಲ್ಲುಗಳು ಅವನ್ನು ಕಬ್ಬು ಅರೆದ ಹಾಗೆ ಅರೆದು ತುಂಡು ಮಾಡುತ್ತವೆ. ಹಾಗಾಗಿ ಹೊಸದರಲ್ಲಿ 40 ಇದ್ದ ಆಯಿಲ್ ಕಾಲಕ್ರಮೇಣ 30ರ ಹತ್ತಿರ ಇಳಿಯಬಹುದು. ಗೇರ್ ಒರಟಾಗುತ್ತಾ ಬಂತು ಅಂದ್ರೆ ಆಯಿಲ್ ಬದಲಿಸುವ ಹೊತ್ತಾಗಿರಬಹುದು.

ಹಾಗಾದ್ರೆ ಏನು ಮಾಡೋದು? ಕೈಪಿಡಿ ತೆರೆದು ಎರಡು ವಿವರ ಬರೆದಿಟ್ಟುಕೊಳ್ಳಿ: ದಪ್ಪದ ಅಂಕಿ, ಜಾಸೊ ಅಕ್ಷರ. ಡಬ್ಬದ ಮೇಲೆ ಎರಡೂ ಹೊಂದಬೇಕು. ಚಳಿಯ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಗೇರ್ ಹಾಕಿ, ಕ್ಲಚ್ ಹಿಡಿದು ಬೈಕನ್ನು ಹಿಂದೆ ಮುಂದೆ ಒಂದೆರಡು ಸಲ ತಳ್ಳಿ, ತಟ್ಟೆಗಳು ಬಿಡಿಸಿಕೊಳ್ಳುತ್ತವೆ. ಹಳೇ ಬುಲೆಟ್ ಸವಾರರು ಕ್ಲಚ್ ಹಿಡಿದು ಕಿಕ್ ಹೊಡೀತಿದ್ದದ್ದು ಇದಕ್ಕೇ. ಸ್ಟಾರ್ಟ್ ಆದ ಮೇಲೆ ಎಂಜಿನ್ ಶಾಂತವಾಗಲಿ, ಕ್ಲಚ್ ಹಿಡಿದು ಎರಡು ಮೂರು ಸೆಕೆಂಡ್ ಬಿಟ್ಟು ಗೇರ್ ಹಾಕಿ. ಬೈಕ್ ಚೆನ್ನಾಗಿ ಬಿಸಿಯಾದ ಮೇಲೂ ಎಳೆತ ಹೋಗದಿದ್ರೆ ಆಯಿಲ್ ಮೇಲೆ ತಪ್ಪು ಹೊರಿಸಬೇಡಿ, ಕೇಬಲ್‌ನ ಸಡಿಲ ಅಥವಾ ಬಾಗಿದ ತಟ್ಟೆಗಳನ್ನು ಪರೀಕ್ಷೆ ಮಾಡಿಸಿ. ಟಾಪ್ ಗೇರ್‌ನಲ್ಲಿ ಆಕ್ಸಿಲರೇಟರ್ ತಿರುಗಿಸಿದಾಗ ಎಂಜಿನ್ ವೇಗ ಏರಿ ಬೈಕಿನ ವೇಗ ಏರದಿದ್ರೆ ಅದು ಜಾರಾಟ, ತಡ ಮಾಡದೆ ತೋರಿಸಿ.

ಮುಂದಿನ ಸಲ ಅಂಗಡಿಯವರು "ಇದು ಒಳ್ಳೇ ಆಯಿಲ್" ಅಂದ್ರೆ, "ಎಷ್ಟು ದಪ್ಪ? ಯಾವ ಅಕ್ಷರ?" ಅಂತ ಕೇಳಿ. ನಿಮಗೆ ಗೊತ್ತಿರೋ ಡೆಲಿವರಿ ಹುಡುಗರಿಗೂ ಈ ಸಂಚಿಕೆ ಕೇಳಿಸಿ.