ಕುಮಟೆಯ ಹತ್ತಿಯೂ ಕಾಯಕದ ವಿಚಕ್ಷಣೆಯೂ

ಶರಣರು ಕಾಯಕವನ್ನು ಕೊಂಡಾಡಿದರು. ಆದರೆ ಕಣ್ಣುಮುಚ್ಚಿ ದುಡಿಯಿರೆಂದು ಹೇಳಲಿಲ್ಲ. ನೂಲನ್ನು ನೇಯುವವರು, ಹಗ್ಗ ಹೊಸೆಯುವವರು, ದೋಣಿ ನಡೆಸುವವರು ಅವರಲ್ಲಿದ್ದರು. ತನ್ನ ಸಾಧನವನ್ನೂ ತಾನು ನಡೆಯುವ ಹಾದಿಯನ್ನೂ ಅರಿಯದವನ ದುಡಿಮೆ ಎಷ್ಟು ಶ್ರಮದ್ದಾದರೂ ಕುರುಡೇ ಸರಿ. ವ್ಯಾಪಾರದಲ್ಲಿ ನೂತನ ಯುಕ್ತಿಯೆಂದರೇನು, ದೂರದೃಷ್ಟಿಯೆಂದರೇನು ಎಂಬುದನ್ನು ತಿಳಿಯಬಯಸುವ ಗೃಹಸ್ಥನಿಗೆ ನಮ್ಮ ಕರಾವಳಿಯಲ್ಲಿಯೇ ಒಂದು ದೃಷ್ಟಾಂತವುಂಟು.

ಗೋಕರ್ಣ ಕ್ಷೇತ್ರದ ದಕ್ಷಿಣಕ್ಕಿರುವ ಓಂ ಬೀಚ್ ಎಂಬ ಕಡಲದಂಡೆಗೆ ಆ ಹೆಸರು ಬಂದುದು ಆಕಾರದಿಂದ. ನಡುವೆ ಚಾಚಿದ ಬಂಡೆ, ಅದರ ಇಕ್ಕೆಲಗಳಲ್ಲಿ ಬಾಗಿದ ಎರಡು ಮರಳ ದಂಡೆಗಳು. ಗುಡ್ಡದ ಮೇಲಿಂದ ನೋಡಿದವರಿಗೆ ಪ್ರಣವಾಕ್ಷರದಂತೆ ತೋರುವುದು. ಅಲ್ಲಿಂದ ದಕ್ಷಿಣಕ್ಕೆ ಅಘನಾಶಿನಿಯ ಅಳಿವೆಯನ್ನು ದಾಟಿ ಹೋದರೆ ತಾಲ್ಲೂಕಿನ ಮುಖ್ಯ ಊರಾದ ಕುಮಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಊರಿನ ಹೆಸರು ಮುಂಬಯಿಯ ಪೇಟೆಯಲ್ಲಿಯೂ ಸಮುದ್ರದಾಚೆಯ ಲಿವರ್‌ಪೂಲಿನಲ್ಲಿಯೂ ಕೇಳಿಬರುತ್ತಿತ್ತು. ‘ಕುಮಟಾ ಹತ್ತಿ’ ಎಂಬುದು ಒಂದು ಜಾತಿಯ ಹತ್ತಿಯ ವ್ಯಾಪಾರನಾಮವಾಗಿತ್ತು. ಕಡಲದಂಡೆಗೆ ಹೆಸರು ರೂಪದಿಂದ ಬಂದಿತು. ಹತ್ತಿಗೆ ಹೆಸರು ಹಾದಿಯಿಂದ ಬಂದಿತು. ಏಕೆಂದರೆ ಆ ಹತ್ತಿ ಕುಮಟೆಯ ನೆಲದಲ್ಲಿ ಬೆಳೆದುದಲ್ಲ. ಅದು ಧಾರವಾಡ ಸೀಮೆಯ ಎರೆಹೊಲಗಳ ಬೆಳೆ. ಎತ್ತುಗಳ ಬೆನ್ನ ಮೇಲೆಯೂ ಬಂಡಿಗಳಲ್ಲಿಯೂ ಸಹ್ಯಾದ್ರಿಯ ಘಟ್ಟಗಳನ್ನಿಳಿದು ಕುಮಟೆಗೆ ಬಂದು, ಅಲ್ಲಿಂದ ಪತ್ತೇಮಾರಿಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು.

ಈ ದೇಶೀ ಹತ್ತಿಯ ಜೊತೆಗೆ 1840ರ ದಶಕದಲ್ಲಿ ಧಾರವಾಡ ಸೀಮೆಗೆ ಅಮೆರಿಕೆಯ ಬೀಜ ಬಂದಿತು. ಎಳೆ ಉದ್ದ, ಬೆಲೆಯೂ ಹೆಚ್ಚು. ಆದರೆ ಒಂದು ತೊಡಕು ಎದುರಾಯಿತು. ದೇಶೀ ಹತ್ತಿಯನ್ನು ಹೆಂಗಸರು ಚಪ್ಪಟೆ ಕಲ್ಲಿನ ಮೇಲಿರಿಸಿ, ಕಬ್ಬಿಣದ ಸರಳನ್ನು ಕಾಲಿನಿಂದ ಉರುಳಿಸಿ ಬೀಜ ಬಿಡಿಸುತ್ತಿದ್ದರು. ಅಮೆರಿಕೆಯ ಹತ್ತಿಯಲ್ಲಿ ಅರಳೆ ಬೀಜಕ್ಕೆ ಬಲವಾಗಿ ಅಂಟಿಕೊಂಡಿರುವುದರಿಂದ ಅದು ಆ ಸರಳಿಗೆ ಜಗ್ಗಲಿಲ್ಲ. ಗರಗಸದ ಹಲ್ಲುಗಳುಳ್ಳ ಬೇರೆ ಯಂತ್ರವೇ ಬೇಕಾಯಿತು. ಅಂತಹ ಯಂತ್ರಗಳನ್ನು ಧಾರವಾಡದಲ್ಲಿಯೇ ತಯಾರಿಸಿ, ಕೆಟ್ಟಾಗ ದುರಸ್ತಿ ಮಾಡಿಕೊಡುವ ಕಾರ್ಖಾನೆ ಏರ್ಪಟ್ಟ ಮೇಲೆಯೇ ಹೊಸ ಬೆಳೆ ಬೇರೂರಿತು. ನೂತನತೆಯ ಮರ್ಮವು ಬೀಜದಲ್ಲಿ ಅರ್ಧ, ಬೀಜ ಬಿಡಿಸುವ ಸಾಧನದಲ್ಲಿ ಅರ್ಧ. ಅಂಗಡಿಯಲ್ಲಿ ಗಣಕಯಂತ್ರವನ್ನು ಪ್ರತಿಷ್ಠಾಪಿಸಿ ಉದ್ದರಿಯ ಲೆಕ್ಕವನ್ನು ಮಾತ್ರ ಬೀಡಿಯ ಕಟ್ಟಿನ ಕಾಗದದ ಮೇಲೆ ಬರೆದಿಡುವ ವರ್ತಕನು ಬೀಜ ತಂದನು, ಯಂತ್ರ ತರಲಿಲ್ಲ.

1861ರಲ್ಲಿ ಅಮೆರಿಕೆಯಲ್ಲಿ ಅಂತರ್ಯುದ್ಧ ಹೊತ್ತಿತು. ದಕ್ಷಿಣದ ಬಂದರುಗಳು ಮುಚ್ಚಿದವು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರಗಾಲ. ಭಾರತದ ಹತ್ತಿಯ ಬೆಲೆ ಗಗನಕ್ಕೇರಿತು. ಇಂತಹ ಕಾಲದಲ್ಲಿಯೇ ಮನುಷ್ಯನ ಪರೀಕ್ಷೆ. ತೂಕ ಹೆಚ್ಚಲೆಂದು ಹತ್ತಿಗೆ ನೀರು ಚಿಮುಕಿಸುವುದು, ಬೀಜ ಮಣ್ಣುಗಳನ್ನು ಸೇರಿಸುವುದು, ಉದ್ದ ಎಳೆಯೊಳಗೆ ಗಿಡ್ಡ ಎಳೆಯನ್ನು ಬೆರೆಸಿ ಉತ್ತಮವೆಂದು ಮಾರುವುದು ಮೊದಲಾದ ವಂಚನೆಗಳು ಎಷ್ಟು ಬೆಳೆದಿದ್ದವೆಂದರೆ, 1863ರಲ್ಲಿ ಮುಂಬಯಿ ಸರ್ಕಾರವು ಹತ್ತಿಯ ಮೋಸವನ್ನು ಶಿಕ್ಷಿಸಲೆಂದೇ ಒಂದು ಕಾಯಿದೆ ಮಾಡಬೇಕಾಯಿತು. ನೀರು ಹಾಕಿದವನು ತನ್ನನ್ನು ಬುದ್ಧಿವಂತನೆಂದೇ ಎಣಿಸಿರಬೇಕು. ಇಂದಿಗೂ ಇಂತಹುದಕ್ಕೆ ವ್ಯಾಪಾರತಂತ್ರವೆಂಬ ಗೌರವದ ಹೆಸರುಂಟು. ಬೆರಕೆಯ ಎಳೆ ಗಿರಣಿಯ ಕದಿರಿನಲ್ಲಿ ತುಂಡಾದಾಗ ಕೊಂಡವನು ಶಪಿಸುವುದು ಯಾರೋ ಒಬ್ಬ ವರ್ತಕನನ್ನಲ್ಲ, ಆ ಹತ್ತಿಯ ಹೆಸರನ್ನು. ಹೊರೆಯು ನೀರು ಹಾಕದವನ ಮೇಲೂ ಬೀಳುವುದು. ಆಯ್ದಕ್ಕಿಯ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಮರಳಿ ಚೆಲ್ಲಿಬರಲು ಕಳುಹಿಸಿದಳೆಂಬ ಕಥೆ ಎಲ್ಲರಿಗೂ ತಿಳಿದುದೇ. ಆಕೆ ಬಡತನವನ್ನು ಪ್ರೀತಿಸಿದಳೆಂದು ಕೆಲವರು ಅರ್ಥ ಮಾಡುವರು, ಅದು ಸರಿಯಲ್ಲ. ಇಂದು ಅನಾಯಾಸವಾಗಿ ಬಂದ ಹೆಚ್ಚಳವು ನಾಳಿನ ಕಾಯಕವನ್ನು ಕೆಡಿಸುವುದೆಂಬ ಲೆಕ್ಕ ಆಕೆಗೆ ಗೊತ್ತಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಮುಂಬಯಿಯಲ್ಲಿ ದೊಡ್ಡ ದೊಡ್ಡ ಮನೆತನಗಳು ದಿವಾಳಿಯೆದ್ದವು.

ಬೆಲೆ ಇಳಿದರೂ ಕುಮಟೆಯ ಬಂದರು ಒಮ್ಮೆಲೇ ಬೀಳಲಿಲ್ಲ. ಅದರ ಅಪಾಯ ಬೇರೆಡೆಯಲ್ಲಿತ್ತು. ಅದು ತೆರೆದ ಕಡಲಿನ ರೇವು. ಮಳೆಗಾಲದಲ್ಲಿ ಹಡಗು ನಿಲ್ಲುವಂತಿರಲಿಲ್ಲ. ಉತ್ತರದ ಕಾರವಾರಕ್ಕೆ ಗುಡ್ಡದ್ವೀಪಗಳ ಮರೆಯುಂಟು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆ ಹತ್ತಿಗಾಗಿ ಕಾರವಾರವನ್ನು ಬೆಳೆಸಬೇಕೆಂಬ ಆಂಗ್ಲ ವ್ಯಾಪಾರಿಗಳ ಒತ್ತಾಯವೂ ಇತ್ತು. ಆದರೆ ಕಾರವಾರವೂ ಗೆಲ್ಲಲಿಲ್ಲ. 1880ರ ದಶಕದ ಕೊನೆಗೆ ಹುಬ್ಬಳ್ಳಿಯ ಸೀಮೆಯನ್ನು ಗೋವೆಯ ಮರ್ಮಗೋವೆಯೊಡನೆ ಕೂಡಿಸುವ ರೈಲುಹಾದಿ ಆಯಿತು. ಹಗಲಿರುಳು ಬೇಸಗೆ ಮಳೆ ಎನ್ನದೆ ಓಡುವ ಬಂಡಿಯ ಮುಂದೆ ಘಟ್ಟವಿಳಿಯುವ ಎತ್ತು ಏನು ಮಾಡೀತು? ವರ್ತಕನು ಹಾದಿ ಬದಲಿಸಿದನು, ಆತನಲ್ಲಿ ಸರಕಿತ್ತು. ಬಂದರಿನವನ ಬಳಿ ಇದ್ದುದು ಹಾದಿಯೊಂದೇ, ಅದೂ ಆತನದಲ್ಲ. ತನ್ನ ಗಳಿಕೆ ತನ್ನ ಕೈಯ ಕುಶಲತೆಯಿಂದ ಬರುತ್ತಿದೆಯೋ, ಅಥವಾ ಜನರು ತನ್ನ ಬಾಗಿಲ ಮುಂದೆ ಹಾಯುವುದರಿಂದ ಬರುತ್ತಿದೆಯೋ ಎಂಬುದನ್ನು ಹೆದ್ದಾರಿಯ ಪಕ್ಕದ ಅಂಗಡಿಕಾರನು ರಸ್ತೆ ತಿರುಗುವ ಮೊದಲೇ ಕೇಳಿಕೊಳ್ಳುವುದು ಲೇಸು.

ಬಂದರಿನ ವೈಭವ ಹೋದ ಮೇಲೂ ಹತ್ತಿಯ ಹೆಸರು ಹೋಗಲಿಲ್ಲ. ಮರ್ಮಗೋವೆಯ ದಾರಿ ಹಿಡಿದ ದೇಶೀ ಹತ್ತಿಯನ್ನೂ ಪೇಟೆಯವರು ‘ಕುಮಟಾ’ ಎಂದೇ ಕರೆಯುತ್ತಿದ್ದರು. ಕುಮಟೆಗೆ ರೈಲು ಬಂದುದು ಕೊಂಕಣ ರೈಲ್ವೆಯ ಮೂಲಕ, 1990ರ ದಶಕದಲ್ಲಿ. ಅಷ್ಟರಲ್ಲಿ ಹತ್ತಿಯ ಬಂಡಿಗಳು ಘಟ್ಟ ಇಳಿಯುವುದು ನಿಂತು ಬಹುಕಾಲವಾಗಿತ್ತು.