ವಿಂಡೋಸ್ ತೆಗೆದು ಲಿನಕ್ಸ್ ಹಾಕುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಮನೆ, ಅಂಗಡಿ, ಶಾಲೆ, ಸಂಘಗಳಲ್ಲಿ ಕಂಪ್ಯೂಟರ್ ಇಟ್ಟುಕೊಂಡವರೆಲ್ಲರ ಗಮನಕ್ಕೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಯಂತ್ರವಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ಹಳೆಯ ಯಂತ್ರಗಳಿಗೆ ಆ ದಾರಿ ಇಲ್ಲ. ಲಿನಕ್ಸ್ ದಾರಿ ಇದೆ, ಅದಕ್ಕೆ ಲೈಸೆನ್ಸ್ ದುಡ್ಡು ಇಲ್ಲ. ಕನ್ನಡಕ್ಕೂ ಅದರಲ್ಲಿ ಕೊರತೆ ಇಲ್ಲ: ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಕಂಪ್ಯೂಟರ್ ಪಾಠ ಕೇರಳ ಸರ್ಕಾರದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್‌ನಲ್ಲೇ ನಡೆಯುತ್ತದೆ.

ಅಪಾಯ ಇರುವುದು ಬದಲಾಯಿಸುವ ದಿನ. ಲಿನಕ್ಸ್ ಕೆಟ್ಟರೆ ಮತ್ತೆ ಹಾಕಬಹುದು. ಅಳಿಸಿಹೋದ ಸಾಲದ ಲೆಕ್ಕ, ಡೇರಿ ಲೆಕ್ಕ, ಮದುವೆ ಫೋಟೊ, ಮಕ್ಕಳ ಪ್ರಾಜೆಕ್ಟ್ ಮತ್ತೆ ಬರುವುದಿಲ್ಲ.

ಕ್ರಮ ಒಂದೇ: ಮೊದಲು ನಕಲು, ಆಮೇಲೆ ಪರೀಕ್ಷೆ, ಕೊನೆಗೆ ಅಳಿಸುವುದು. ಇದನ್ನು ಹಿಂದುಮುಂದು ಮಾಡಬಾರದು.

ಮಾಡಬೇಕಾದ್ದು

ತೀರ್ಮಾನಕ್ಕೆ ಮುಂಚೆ

- ಈ ಕಂಪ್ಯೂಟರಿನಲ್ಲಿ ನಡೆಯುವ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ.
- ಪ್ರತಿ ಕೆಲಸದ ಎದುರು ಅದಕ್ಕೆ ಬೇಕಾದ ಸಾಫ್ಟ್‌ವೇರ್, ಪ್ರಿಂಟರ್, ಸ್ಕ್ಯಾನರ್ ಹೆಸರು ಮತ್ತು ಮಾಡೆಲ್ ನಂಬರ್ ಬರೆಯಿರಿ.
- ಬ್ರೌಸರ್‌ನಲ್ಲೇ ಮುಗಿಯುವ ಕೆಲಸಕ್ಕೆ ಟಿಕ್ ಹಾಕಿ. ಪಹಣಿ ನೋಡುವುದು, ನೆಟ್ ಬ್ಯಾಂಕಿಂಗ್, ಪರೀಕ್ಷಾ ಫಲಿತಾಂಶ, ಇಮೇಲ್ ಲಿನಕ್ಸ್‌ನ ಫೈರ್‌ಫಾಕ್ಸ್, ಕ್ರೋಮ್‌ನಲ್ಲೂ ನಡೆಯುತ್ತವೆ.
- ದುಡಿಮೆ ಟ್ಯಾಲಿ, ಫೋಟೋಶಾಪ್, ಕೋರಲ್‌ಡ್ರಾ, ಪೇಜ್‌ಮೇಕರ್ ಮೇಲೆ ನಿಂತಿದ್ದರೆ ಆ ಯಂತ್ರವನ್ನು ವಿಂಡೋಸ್‌ನಲ್ಲೇ ಬಿಡಿ. ಈಗ ಇವುಗಳಿಗೆ ಲಿನಕ್ಸ್ ಆವೃತ್ತಿ ಇಲ್ಲ.
- ಬೆರಳಚ್ಚು ಸಾಧನ, ಡಿಜಿಟಲ್ ಸಹಿಯ ಟೋಕನ್ ಇದ್ದರೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ತಯಾರಕರ ಜಾಲತಾಣದಲ್ಲಿ ನೋಡಿ.
- ಪ್ರೊಸೆಸರ್ 64-ಬಿಟ್ ಎಂದು ಖಚಿತಪಡಿಸಿಕೊಳ್ಳಿ. ಲಿನಕ್ಸ್‌ನ ಬಗೆಗಳಾದ ಈಗಿನ ಉಬುಂಟು, ಲಿನಕ್ಸ್ ಮಿಂಟ್ 32-ಬಿಟ್ ಯಂತ್ರದಲ್ಲಿ ಏಳುವುದೇ ಇಲ್ಲ.
- ರ್‍ಯಾಮ್ ನೋಡಿ. ಮಿಂಟ್‌ಗೆ ಕನಿಷ್ಠ 2 ಜಿಬಿ ಬೇಕು, 4 ಜಿಬಿ ಇದ್ದರೆ ಸಲೀಸು.
- ಡಿಸ್ಕ್‌ನಲ್ಲಿ ಜಾಗ ನೋಡಿ. ಮಿಂಟ್‌ಗೆ 20 ಜಿಬಿ ಕನಿಷ್ಠ, 100 ಜಿಬಿ ಒಳ್ಳೆಯದು.
- ಹಳೆಯ, ನಿಧಾನದ ಯಂತ್ರಕ್ಕೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಆರಿಸಿ.
- ದೀರ್ಘ ಬೆಂಬಲದ ಆವೃತ್ತಿಯನ್ನೇ ಹಾಕಿ. ಉಬುಂಟು 24.04 ಮತ್ತು ಅದರ ಮೇಲೆ ಕಟ್ಟಿದ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ.
- ಶಾಲೆ, ಪಂಚಾಯಿತಿ, ಸಹಕಾರ ಸಂಘದ ಕಂಪ್ಯೂಟರ್ ಆದರೆ ಮುಖ್ಯಸ್ಥರಿಂದ ಲಿಖಿತ ಒಪ್ಪಿಗೆ ಪಡೆಯಿರಿ.
- ನಿಮ್ಮೂರ ಸರ್ಕಾರಿ ಪ್ರೌಢಶಾಲೆಯ ಗಣಿತ, ವಿಜ್ಞಾನ ಮೇಷ್ಟ್ರನ್ನು ವಿಚಾರಿಸಿ. 2011ರಿಂದ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ರಾಜ್ಯದ ಅನೇಕ ಶಿಕ್ಷಕರು ಉಬುಂಟು ಕಲಿತಿದ್ದಾರೆ.

ನಕಲು

- ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿ.
- ಡಿ ಡ್ರೈವ್, ಇ ಡ್ರೈವ್ ಇದ್ದರೆ ಅವನ್ನೂ ನಕಲು ಮಾಡಿ. ಅವು ಬಹುಪಾಲು ಒಂದೇ ಹಾರ್ಡ್‌ಡಿಸ್ಕ್‌ನ ಭಾಗಗಳು.
- ಎರಡನೇ ನಕಲನ್ನು ಬೇರೆ ಡಿಸ್ಕ್‌ಗೆ ಅಥವಾ ಬೇರೆ ಕಂಪ್ಯೂಟರಿಗೆ ಹಾಕಿ.
- ಟ್ಯಾಲಿ ಲೆಕ್ಕವಿದ್ದರೆ ಟ್ಯಾಲಿಯ ಒಳಗಿನ ಬ್ಯಾಕಪ್ ಆಯ್ಕೆಯಿಂದಲೇ ಬ್ಯಾಕಪ್ ತೆಗೆಯಿರಿ.
- ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಬುಕ್‌ಮಾರ್ಕ್‌ಗಳನ್ನು ಹೊರತೆಗೆದು ಇಟ್ಟುಕೊಳ್ಳಿ.
- ನಕಲಾದ ಫೈಲ್‌ಗಳನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ.
- ಡಿಸ್ಕ್‌ಗೆ ವಿಂಡೋಸ್‌ನ ಬಿಟ್‌ಲಾಕರ್ ಬೀಗ ಇದೆಯೇ ನೋಡಿ. ಇದ್ದರೆ 48 ಅಂಕಿಯ ಕೀಲಿಯನ್ನು ಕಾಗದದಲ್ಲಿ ಬರೆಯಿರಿ.
- ನಕಲು ಇರುವ ಹೊರಗಿನ ಡಿಸ್ಕ್‌ಗಳನ್ನು ಕಳಚಿ ಬೀರುವಿನಲ್ಲಿಡಿ.

ನುಡಿ, ಬರಹ, ಶ್ರೀಲಿಪಿ ಫೈಲ್‌ಗಳು

ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳಲ್ಲಿ ಟೈಪಿಸಿದ ಫೈಲ್‌ನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಕನ್ನಡದ ರೂಪ ಕೊಡುವುದು ಫಾಂಟ್. ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಜಿ, ಠರಾವು, ಪ್ರಶ್ನೆಪತ್ರಿಕೆ ಎಲ್ಲವೂ ಅರ್ಥವಿಲ್ಲದ ಗೀಚಾಗಿ ಕಾಣುತ್ತದೆ.

- ವಿಂಡೋಸ್ ಇರುವಾಗಲೇ ಕನ್ನಡ ಫೈಲ್‌ಗಳನ್ನು ಒಂದೊಂದಾಗಿ ತೆರೆಯಿರಿ.
- ಒಂದು ಸಾಲು ಆರಿಸಿ ಫಾಂಟನ್ನು ತುಂಗಾ ಅಥವಾ ನಿರ್ಮಲಾಗೆ ಬದಲಿಸಿ ನೋಡಿ. ಕನ್ನಡ ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್. ಗೀಚಾದರೆ ಹಳೆಯ ಸಂಕೇತ.
- ಹಳೆಯ ಸಂಕೇತದ ಫೈಲ್‌ಗಳನ್ನು ಬೇರೆ ಫೋಲ್ಡರ್‌ಗೆ ಹಾಕಿ.
- ಪ್ರತಿಯೊಂದರ ಪಿಡಿಎಫ್ ಮಾಡಿ.
- ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ತಂದು ಬೇರೆ ಹೆಸರಿನಲ್ಲಿ ಉಳಿಸಿ.
- ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಪಿಡಿಎಫ್ ಎದುರಿಟ್ಟು ತಾಳೆ ನೋಡಿ. ಸರ್ವೆ ನಂಬರ್, ಮೊತ್ತ, ಹೆಸರುಗಳನ್ನು ಎರಡು ಸಲ ನೋಡಿ.
- ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ, ಬರಹ ಫಾಂಟ್ ಫೈಲ್‌ಗಳನ್ನೂ ನಕಲು ಮಾಡಿ. ಅವನ್ನು ಲಿನಕ್ಸ್‌ಗೆ ಹಾಕಿದರೆ ಪರಿವರ್ತಿಸದ ಫೈಲ್ ಓದಲು ಬರುತ್ತದೆ.

ಡೌನ್‌ಲೋಡ್, ಪೆನ್‌ಡ್ರೈವ್

- ಮಿಂಟ್ ಬೇಕಾದರೆ ಲಿನಕ್ಸ್‌ಮಿಂಟ್ ಡಾಟ್ ಕಾಮ್‌ನಿಂದ, ಉಬುಂಟು ಬೇಕಾದರೆ ಉಬುಂಟು ಡಾಟ್ ಕಾಮ್‌ನಿಂದ ಇಳಿಸಿಕೊಳ್ಳಿ.
- ಮೊಬೈಲ್ ಡೇಟಾ ಬಳಸುವವರು ಆ ದಿನದ ಬಾಕಿ ಡೇಟಾ ನೋಡಿ. ಮಿಂಟ್ ಫೈಲ್ ಸುಮಾರು 3 ಜಿಬಿ, ಉಬುಂಟು ಅದರ ದುಪ್ಪಟ್ಟು.
- ಇಳಿಸಿದ ಫೈಲ್ ಅಸಲಿಯೇ ಎಂದು ತಿಳಿಯಲು ಅದರ ಶಾ-256 ಮೊತ್ತವನ್ನು ಜಾಲತಾಣದಲ್ಲಿ ಕೊಟ್ಟಿದ್ದರ ಜೊತೆ ಹೋಲಿಸಿ. 2016ರ ಫೆಬ್ರುವರಿ 20ರಂದು ಮಿಂಟ್ ಜಾಲತಾಣಕ್ಕೇ ಕನ್ನ ಹಾಕಿ, ಕಳ್ಳಬಾಗಿಲಿಟ್ಟ ಫೈಲ್‌ಗೆ ಕೊಂಡಿ ಕೊಟ್ಟಿದ್ದರು.
- 8 ಜಿಬಿ ಅಥವಾ ದೊಡ್ಡ ಖಾಲಿ ಪೆನ್‌ಡ್ರೈವ್ ತೆಗೆದುಕೊಳ್ಳಿ. ಅದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ.
- ರೂಫಸ್ ಅಥವಾ ಎಚರ್ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಿರಿ.

ಹಾಕದೆ ಪರೀಕ್ಷೆ

- ಪೆನ್‌ಡ್ರೈವ್ ಚುಚ್ಚಿ ಕಂಪ್ಯೂಟರ್ ಆನ್ ಮಾಡಿ, ಬೂಟ್ ಮೆನು ತೆರೆಯಿರಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ನಂತರ ಎಫ್9.
- ಲಿನಕ್ಸನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ. ಈ ಹಂತದಲ್ಲಿ ಹಾರ್ಡ್‌ಡಿಸ್ಕ್ ಬದಲಾಗುವುದಿಲ್ಲ.
- ವೈಫೈ, ಸೌಂಡ್, ಕ್ಯಾಮೆರಾ, ಟಚ್‌ಪ್ಯಾಡ್ ಒಂದೊಂದಾಗಿ ನೋಡಿ.
- ವೈಫೈ ಸಿಗದಿದ್ದರೆ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ.
- ನಿಮ್ಮ ಪ್ರಿಂಟರ್‌ನಲ್ಲಿ ಒಂದು ಪುಟ ತೆಗೆದು ನೋಡಿ. ಜೆರಾಕ್ಸ್ ಅಂಗಡಿಗಳಲ್ಲಿ ಹೆಚ್ಚು ಕಾಣುವ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸ್‌ನಲ್ಲಿ ಕಾಟ ಕೊಡುತ್ತದೆ. ಎಚ್‌ಪಿ 1020ಕ್ಕೆ ಹೆಚ್ಚುವರಿ ಪ್ಲಗಿನ್ ಬೇಕು.
- ಕನ್ನಡ ಟೈಪಿಸಿ ನೋಡಿ. ಕೀಬೋರ್ಡ್ ಪಟ್ಟಿಯಲ್ಲಿ ‘ಕನ್ನಡ, ಕಗಪ’ ಆರಿಸಿ. ನುಡಿಯಲ್ಲಿ ಪಳಗಿದ ಕೈಗೆ ಇದು ಒಗ್ಗುತ್ತದೆ.
- ಹಾಳೆಯಲ್ಲಿ ಬರೆದ ಕೆಲಸಗಳನ್ನೆಲ್ಲ ಮಾಡಿ ನೋಡಿದ ಮೇಲೆ ಮುಂದಿನ ಹಂತಕ್ಕೆ ಹೋಗಿ.

ಹಾಕುವ ದಿನ

- ಕರೆಂಟ್ ಹೋಗದ ಸಮಯ ಆರಿಸಿ.
- ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿ ಚಾರ್ಜರ್ ಹಾಕಿಯೇ ಇಡಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್‌ಗೆ ಜೋಡಿಸಿ.
- ವಿಂಡೋಸನ್ನೂ ಉಳಿಸಿಕೊಳ್ಳುವವರು ಅದರ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ.
- ಡಿಸ್ಕ್ ಆಯ್ಕೆಯ ಪರದೆಯಲ್ಲಿ ನಿಲ್ಲಿ. ‘ಎರೇಸ್ ಡಿಸ್ಕ್’ ಎಂದರೆ ಎಲ್ಲ ಡ್ರೈವ್ ಖಾಲಿ. ‘ಅಲಾಂಗ್‌ಸೈಡ್’ ಎಂದರೆ ವಿಂಡೋಸ್ ಜೊತೆಗೆ. ಎರಡು ಸಲ ಓದಿ ಒತ್ತಿ.
- ಲಾಗಿನ್ ಪಾಸ್‌ವರ್ಡ್ ಇಂಗ್ಲಿಷ್ ಅಕ್ಷರದಲ್ಲಿ ಇಡಿ.
- ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದರೆ ಅದರ ಪಾಸ್‌ವರ್ಡ್ ಬರೆದು ಬೀರುವಿನಲ್ಲಿಡಿ.

ಹಾಕಿದ ಮೇಲೆ

- ಅಪ್‌ಡೇಟ್ ಮ್ಯಾನೇಜರ್ ತೆರೆದು ಎಲ್ಲ ಅಪ್‌ಡೇಟ್ ಹಾಕಿ.
- ಫೈರ್‌ವಾಲ್ ಆನ್ ಮಾಡಿ.
- ಮಿಂಟ್‌ನ ಟೈಮ್‌ಶಿಫ್ಟ್ ಚಾಲೂ ಮಾಡಿ. ವ್ಯವಸ್ಥೆ ಕೆಟ್ಟರೆ ಹಿಂದಿನ ಸ್ಥಿತಿಗೆ ತರಬಹುದು.
- ನಿಮ್ಮ ಫೈಲ್‌ಗಳ ನಕಲನ್ನು ಪ್ರತಿ ವಾರ ಬೇರೆಯಾಗಿಯೇ ತೆಗೆಯಿರಿ. ಟೈಮ್‌ಶಿಫ್ಟ್ ತಾನಾಗಿ ಅವನ್ನು ಕಾಯುವುದಿಲ್ಲ.
- ಗುಬ್ಬಿ, ನವಿಲು, ನೋಟೊ, ಲೋಹಿತ್ ಕನ್ನಡ ಫಾಂಟ್‌ಗಳನ್ನು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಹಾಕಿ.
- ಕಚೇರಿಗೆ ಕಳಿಸುವ ಪತ್ರವನ್ನು ಪಿಡಿಎಫ್ ಮಾಡಿ ಕಳಿಸಿ.
- ತಿದ್ದಲು ಕಳಿಸುವ ಪತ್ರವನ್ನು ಲಿಬ್ರೆಆಫೀಸ್‌ನಲ್ಲಿ ವರ್ಡ್ ಮಾದರಿಯಲ್ಲಿ ಉಳಿಸಿ.
- ಹಳೆಯ ಎರಡು ನಕಲುಗಳನ್ನು ಲೆಕ್ಕವರ್ಷ ಮುಗಿಯುವವರೆಗೆ ಹಾಗೇ ಇಡಿ.

ಮಾಡಬಾರದ್ದು

ತೀರ್ಮಾನದಲ್ಲಿ

- ಅಂಗಡಿಯ ಎಲ್ಲ ಕಂಪ್ಯೂಟರ್‌ಗಳನ್ನು ಒಂದೇ ದಿನ ಬದಲಾಯಿಸುವುದು ಬೇಡ.
- ಪರೀಕ್ಷೆ, ಆಡಿಟ್, ಜಿಎಸ್‌ಟಿ ಗಡುವಿನ ವಾರದಲ್ಲಿ ಈ ಕೆಲಸ ಬೇಡ.
- ಇ-ಸ್ವತ್ತು, ಪಂಚತಂತ್ರ ನಡೆಯುವ ಪಂಚಾಯಿತಿ ಯಂತ್ರಕ್ಕೆ ಆದೇಶವಿಲ್ಲದೆ ಕೈ ಹಾಕಬಾರದು.
- ಗ್ರಾಮ ಒನ್ ಕೇಂದ್ರದ ಬೆರಳಚ್ಚು ಸಾಧನ ನಡೆಯುತ್ತದೆ ಎಂಬ ಊಹೆಯ ಮೇಲೆ ಯಂತ್ರ ಬದಲಾಯಿಸಬಾರದು.
- ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಓಡಿಸುವ ‘ವೈನ್’ ಮೇಲೆ ಟ್ಯಾಲಿ ಓಡಿಸಿ ಲೆಕ್ಕ ನಂಬುವುದು ಬೇಡ.
- ಲಿನಕ್ಸ್ ಲೈಸೆನ್ಸ್ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬಾರದು. ಹಾಕಿಕೊಟ್ಟವರ ಕೂಲಿ ಬೇರೆ ಮಾತು.
- ಕ್ರ್ಯಾಕ್ ಮಾಡಿದ ವಿಂಡೋಸ್ ಬೇಡವೇ ಬೇಡ.
- ಬೆಂಬಲ ಮುಗಿದ ವಿಂಡೋಸ್ 7, 8 ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡಬಾರದು.

ನಕಲಿನಲ್ಲಿ

- ಅದೇ ಹಾರ್ಡ್‌ಡಿಸ್ಕ್‌ನ ಡಿ ಡ್ರೈವ್‌ಗೆ ಹಾಕಿ ಅದನ್ನು ಬ್ಯಾಕಪ್ ಎನ್ನಬಾರದು.
- ಒಂದೇ ನಕಲು ನಂಬುವುದು ಬೇಡ.
- ಬರೀ ಫೈಲ್ ಹೆಸರು ಕಂಡಿತೆಂದು ನಕಲು ಸರಿಯಿದೆ ಎಂದುಕೊಳ್ಳಬಾರದು.
- ಡೆಸ್ಕ್‌ಟಾಪ್ ಮೇಲಿನ ಶಾರ್ಟ್‌ಕಟ್ ನಕಲು ಮಾಡಿ ಫೈಲ್ ಬಂತೆನ್ನಬಾರದು.
- ಪಾಸ್‌ವರ್ಡ್ ಪಟ್ಟಿಯನ್ನು ವಾಟ್ಸಾಪ್‌ನಲ್ಲಿ ಕಳಿಸುವುದು ಬೇಡ.
- ಬಿಟ್‌ಲಾಕರ್ ಕೀಲಿ ಕೈಯಲ್ಲಿಲ್ಲದೆ ಬಯೋಸ್ ಸೆಟ್ಟಿಂಗ್ ಮುಟ್ಟಬಾರದು.

ಕನ್ನಡ ಫೈಲ್‌ಗಳಲ್ಲಿ

- ಪರಿವರ್ತನೆ ಆದ ತಕ್ಷಣ ಮೂಲ ಫೈಲ್ ಅಳಿಸುವುದು ಬೇಡ.
- ತಾಳೆ ನೋಡದ ಯೂನಿಕೋಡ್ ಪ್ರತಿಗೆ ಸಹಿ ಹಾಕಬಾರದು.
- ಆಧಾರ್, ಜಮೀನು, ಸಾಲದ ವಿವರವಿರುವ ಪತ್ರವನ್ನು ಗುರುತಿಲ್ಲದ ಆನ್‌ಲೈನ್ ಪರಿವರ್ತಕಕ್ಕೆ ಹಾಕಬಾರದು.
- ಹೊಸ ಪತ್ರವನ್ನು ಹಳೆಯ ಸಂಕೇತದಲ್ಲಿ ಟೈಪಿಸುವುದು ಇನ್ನು ಬೇಡ.

ಡೌನ್‌ಲೋಡ್, ಪರೀಕ್ಷೆಯಲ್ಲಿ

- ಟೆಲಿಗ್ರಾಂ ಗುಂಪಿನಲ್ಲಿ, ಯಾರದೋ ಡ್ರೈವ್ ಕೊಂಡಿಯಲ್ಲಿ ಬಂದ ಲಿನಕ್ಸ್ ಬೇಡ.
- ಶಾ-256 ಮೊತ್ತ ತಾಳೆಯಾಗದ ಫೈಲ್ ಬಳಸಬಾರದು.
- ಬ್ಯಾಕಪ್ ಇಟ್ಟ ಪೆನ್‌ಡ್ರೈವ್‌ಗೇ ಲಿನಕ್ಸ್ ಬರೆಯಬಾರದು.
- ಪೆನ್‌ಡ್ರೈವ್‌ನಿಂದ ನಿಧಾನವಾಗಿ ಓಡಿತೆಂದು ಪರೀಕ್ಷೆ ಅರ್ಧಕ್ಕೆ ಬಿಡುವುದು ಬೇಡ. ಪೆನ್‌ಡ್ರೈವ್ ವೇಗ ಅಷ್ಟೇ.
- ಸೆಕ್ಯೂರ್ ಬೂಟ್ ಸುಮ್ಮನೆ ಆಫ್ ಮಾಡಬಾರದು. ಉಬುಂಟು, ಮಿಂಟ್ ಅದರೊಂದಿಗೇ ಏಳುತ್ತವೆ.

ಹಾಕುವಾಗ

- ಬ್ಯಾಕಪ್ ಡಿಸ್ಕ್ ಚುಚ್ಚಿಕೊಂಡೇ ಇನ್‌ಸ್ಟಾಲ್ ಶುರು ಮಾಡಬಾರದು.
- ಓದದೆ ‘ನೆಕ್ಸ್ಟ್’ ಒತ್ತುತ್ತಾ ಹೋಗುವುದು ಬೇಡ.
- ಅರ್ಧದಲ್ಲಿ ಪವರ್ ಬಟನ್ ಒತ್ತಬಾರದು.
- ವಿಂಡೋಸ್ ಜೊತೆಗೆ ಹಾಕುವಾಗ ಗೊತ್ತಿಲ್ಲದ ಸಣ್ಣ ಪಾರ್ಟಿಷನ್‌ಗಳನ್ನು ಅಳಿಸಬಾರದು.
- ಮಾಲೀಕರು ಎದುರಿಗಿಲ್ಲದೆ ಬೇರೆಯವರ ಕಂಪ್ಯೂಟರಿಗೆ ಹಾಕುವುದು ಬೇಡ.

ಬಳಸುವಾಗ

- ಅರ್ಥವಾಗದ ಆಜ್ಞೆಯನ್ನು ಟರ್ಮಿನಲ್‌ಗೆ ಅಂಟಿಸಬಾರದು.
- ‘ಸುಡೋ’ ಎಂದು ಶುರುವಾಗುವ ಆಜ್ಞೆಯನ್ನು ಯಾರೋ ಹೇಳಿದರೆಂದು ಒತ್ತುವುದು ಬೇಡ.
- ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಸಿಗುವುದನ್ನು ಬೇರೆ ಜಾಲತಾಣದಿಂದ ಇಳಿಸಬಾರದು.
- ಲಿನಕ್ಸ್‌ಗೆ ವೈರಸ್ ಬರುವುದಿಲ್ಲ ಎಂದು ಅಪ್‌ಡೇಟ್ ಬಿಡಬಾರದು.
- ಫೋನ್ ಮಾಡಿದ ಅಪರಿಚಿತರಿಗೆ ಎನಿಡೆಸ್ಕ್ ನಂಬರ್, ಒಟಿಪಿ ಕೊಡಬಾರದು. ಲಿನಕ್ಸ್ ಇದ್ದರೂ ಬ್ಯಾಂಕ್ ಖಾತೆ ಖಾಲಿಯಾಗುತ್ತದೆ.
- ಮ್ಯಾಕ್ರೊ ಇರುವ ಎಕ್ಸೆಲ್ ಫೈಲ್‌ನ ಮೊತ್ತವನ್ನು ಲಿಬ್ರೆಆಫೀಸ್‌ನಲ್ಲಿ ತಾಳೆ ನೋಡದೆ ಬಳಸಬಾರದು.

ಎಡವಟ್ಟಾದರೆ

- ಬೇಕಾದ ಫೈಲ್ ಅಳಿಸಿತೆಂದು ತಿಳಿದ ಕ್ಷಣ ಕಂಪ್ಯೂಟರ್ ಬಂದ್ ಮಾಡಿ.
- ಆ ಡಿಸ್ಕ್ ಮೇಲೆ ಹೊಸದಾಗಿ ಏನನ್ನೂ ಬರೆಯುವುದು ಬೇಡ. ಮತ್ತೆ ವಿಂಡೋಸ್ ಹಾಕಿದರೆ ಉಳಿದಿದ್ದೂ ಹೋಗುತ್ತದೆ.
- ಡಿಸ್ಕ್ ಬಿಚ್ಚಿ ಮೈಸೂರು ಅಥವಾ ಬೆಂಗಳೂರಿನ ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಿರಿ.
- ಎಸ್‌ಎಸ್‌ಡಿ ಆದರೆ ತಡ ಮಾಡಬಾರದು. ಅದರಲ್ಲಿ ಅಳಿಸಿದ್ದು ಮರಳುವ ಸಾಧ್ಯತೆ ಇನ್ನೂ ಕಡಿಮೆ.
- ಯಂತ್ರ ಏಳದಿದ್ದರೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ನಡೆಸಿ ಫೈಲ್‌ಗಳಿವೆಯೇ ನೋಡಿ. ಇದ್ದರೆ ಮೊದಲು ಹೊರಗಿನ ಡಿಸ್ಕ್‌ಗೆ ನಕಲು ಮಾಡಿ, ರಿಪೇರಿ ಆಮೇಲೆ.
- ಖಾತೆಯಿಂದ ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ, ನಂತರ ಬ್ಯಾಂಕಿಗೆ ತಿಳಿಸಿ.